ಗಣಕಯಂತ್ರದ ಲೆಕ್ಕ ಮರಳಿ ಕೂರಿಸಲು ಏಕಿಷ್ಟು ಹೊತ್ತು?



ಸಂಘದ ಲೆಕ್ಕವೆಲ್ಲ ಕಿರ್ದಿ, ಖತಾವಣಿ ಪುಸ್ತಕಗಳಲ್ಲಿದ್ದ ಕಾಲವನ್ನು ನಮ್ಮಲ್ಲಿ ಹಿರಿಯರಾದವರು ಕಂಡಿದ್ದಾರೆ. ದಿನದ ವ್ಯವಹಾರ ಮೊದಲು ಕಿರ್ದಿಗೆ ಹತ್ತಬೇಕು. ಸಂಜೆ ಅಲ್ಲಿಂದ ಒಬ್ಬೊಬ್ಬ ಸದಸ್ಯರ ಖಾತೆ ಪುಟಕ್ಕೆ ಇಳಿಯಬೇಕು. ಮಳೆಗಾಲದಲ್ಲಿ ಪುಸ್ತಕ ಮುಗ್ಗಲು ಹಿಡಿಯುತ್ತಿತ್ತು, ಗೆದ್ದಲು ತಿನ್ನುತ್ತಿತ್ತು. ಆದರೂ ಒದ್ದೆಯಾದ ಪುಸ್ತಕವನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿ ಓದಬಹುದಿತ್ತು. ಈಗ ಆ ಪುಸ್ತಕಗಳ ಬದಲಿಗೆ ಕಚೇರಿಯ ಮೂಲೆಯಲ್ಲೊಂದು ಸರ್ವರ್ ಕುಳಿತಿದೆ. ಸದಸ್ಯರ ಷೇರು, ಬೆಳೆ ಸಾಲ, ಪಿಗ್ಮಿ ಠೇವಣಿ, ಅಡಿಕೆ ಮತ್ತು ಕಾಫಿಯ ವಿಕ್ರಿ ಪಟ್ಟಿ, ಗೊಬ್ಬರದ ಅಂಗಡಿಯ ಬಿಲ್ಲು ಎಲ್ಲವೂ ಅದರೊಳಗೆ ಡೇಟಾಬೇಸ್ ಎಂಬ ಒಂದೇ ದೊಡ್ಡ ಪುಸ್ತಕವಾಗಿ ಇರುತ್ತವೆ. ಅದರ ಡಿಸ್ಕ್ ಸುಟ್ಟರೆ ಒಣಗಿಸಿ ಓದುವ ಮಾತಿಲ್ಲ. ಬ್ಯಾಕಪ್ ಪ್ರತಿಯೊಂದೇ ಗತಿ.

ಬ್ಯಾಕಪ್ ಇಡಬೇಕೆಂದು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ನಾವು ಹೇಳಹೊರಟಿರುವುದು ಅದರ ಮುಂದಿನ ಮಾತು. ಪ್ರತಿ ಇದೆ, ಸರಿಯಾಗಿಯೂ ಇದೆ. ಆದರೆ ಅದನ್ನು ಇನ್ನೊಂದು ಯಂತ್ರದಲ್ಲಿ ಮರಳಿ ಕೂರಿಸುವ ಕೆಲಸ, ಅಂದರೆ ರಿಸ್ಟೋರ್, ಮುಗಿಯುವುದೇ ಇಲ್ಲ. ಬೆಳಿಗ್ಗೆ ಶುರುವಾದದ್ದು ರಾತ್ರಿಯಾದರೂ ನಡೆಯುತ್ತಲೇ ಇರುತ್ತದೆ. ಆಗ ಎಲ್ಲಿ ನೋಡಬೇಕು, ಯಾವುದಕ್ಕೆ ಕೈ ಹಾಕಬೇಕು ಎಂಬುದೇ ಈ ಲೇಖನದ ವಿಷಯ.

ಇದು ಕಂಪ್ಯೂಟರ್ ಓದಿದವರ ಕೆಲಸ, ತೋಟದವರಿಗೆ ಯಾಕೆ ಎಂದು ಪುಟ ಮಗುಚಬೇಡಿ. ಟೆಂಡರ್ ದಿನ ನೀವು ನಾಲ್ಕು ಮೂಟೆ ಚಾಲಿ ಅಡಿಕೆ ತಂದು ಇಳಿಸಿ, ಪಟ್ಟಿಯ ಹಣದಲ್ಲಿ ಆಳಿನ ಬಟವಾಡೆ ಮಾಡಬೇಕೆಂದು ಕೂತಿರುತ್ತೀರಿ. ಕೌಂಟರಿನಲ್ಲಿ ನಿಮ್ಮ ಖಾತೆಯೇ ತೆರೆಯದಿದ್ದರೆ ಹಣ ಕೊಡುವುದು ಹೇಗೆ? ಮಾರ್ಚ್ ಕೊನೆಯ ವಾರ, ಸಾಲ ನವೀಕರಣದ ದಿನಗಳಲ್ಲಿ ಹೀಗಾದರಂತೂ ಬಡ್ಡಿಯ ಲೆಕ್ಕವೇ ಏರುಪೇರು. ರಿಸ್ಟೋರ್ ಹಿಡಿಯುವ ಹೊತ್ತು ಗುಮಾಸ್ತರ ತಲೆನೋವು ಮಾತ್ರವಲ್ಲ.

2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಮಂಜೂರು ಮಾಡಿತು. ಆ ಯೋಜನೆಯ ಸಂಘಗಳಿಗೆ ಒಂದು ಸಾಮಾನ್ಯ ತಂತ್ರಾಂಶ ಇದೆ. ಆದರೆ ತಮ್ಮದೇ ತಂತ್ರಾಂಶ ಮಾಡಿಸಿಕೊಂಡು, ತಮ್ಮದೇ ಕಚೇರಿಯ ಸರ್ವರಿನಲ್ಲಿ ಲೆಕ್ಕ ಇಟ್ಟಿರುವ ಸಂಘಗಳೂ ಇವೆ. ಇಲ್ಲಿನ ಮಾತು ಮುಖ್ಯವಾಗಿ ಅಂಥವರಿಗೆ.

ಲಾರಿಯಿಂದ ಗೋದಾಮಿಗೆ

ಮೊದಲು ರಿಸ್ಟೋರ್ ಎಂದರೆ ಏನು ನಡೆಯುತ್ತದೆ ಎಂಬುದನ್ನು ತಿಳಿಯೋಣ. ಉದಾಹರಣೆಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸನ್ನು ತೆಗೆದುಕೊಂಡಿದ್ದೇವೆ. ಇದು 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಕೆಲಸದಿಂದ ಬೆಳೆದದ್ದು. ಬಳಸಲು ಹಣ ಕೊಡಬೇಕಿಲ್ಲ.

ಇದರ ಸಾಮಾನ್ಯ ಬ್ಯಾಕಪ್ ತೆಗೆಯುವ ಸಾಧನಕ್ಕೆ ಪಿಜಿ-ಡಂಪ್ ಎಂದು ಹೆಸರು. ಅದು ಬರೆದಿಡುವುದು ಖಾತೆಯ ಸಾಲುಗಳನ್ನು ಮತ್ತು ಪುಸ್ತಕ ಹೇಗೆ ಕಟ್ಟಬೇಕೆಂಬ ಸೂಚನೆಗಳನ್ನು ಮಾತ್ರ. ಖತಾವಣಿಯ ಮುಂದಿನ ಪುಟಗಳಲ್ಲಿ ಯಾರ ಖಾತೆ ಎಷ್ಟನೇ ಪುಟದಲ್ಲಿದೆ ಎಂದು ತಿಳಿಸುವ ಸೂಚಿ ಇರುತ್ತಿತ್ತಲ್ಲ, ಗಣಕದವರು ಇಂಡೆಕ್ಸ್ ಎನ್ನುವುದು ಅದನ್ನೇ. ಆ ಸೂಚಿ ಬ್ಯಾಕಪ್‌ನಲ್ಲಿ ಇರುವುದಿಲ್ಲ. "ಇಂಥ ಸೂಚಿ ಕಟ್ಟಿಕೊಳ್ಳಿ" ಎಂಬ ಒಂದು ಸಾಲು ಮಾತ್ರ ಇರುತ್ತದೆ. ಆದ್ದರಿಂದ ಬ್ಯಾಕಪ್ ತೆಗೆಯಲು ಅರ್ಧ ಗಂಟೆ ಸಾಕಾದರೆ ಮರಳಿ ಕೂರಿಸಲೂ ಅರ್ಧ ಗಂಟೆ ಸಾಕು ಎಂಬ ಲೆಕ್ಕ ತಪ್ಪು. ಲಾರಿಗೆ ಮೂಟೆ ಎಸೆದು ತುಂಬುವುದಕ್ಕೂ, ಗೋದಾಮಿನಲ್ಲಿ ಇಳಿಸಿ, ತೂಗಿ, ದರ್ಜೆವಾರು ಜೋಡಿಸಿ, ದಾಸ್ತಾನು ಪುಸ್ತಕಕ್ಕೆ ಹತ್ತಿಸುವುದಕ್ಕೂ ಒಂದೇ ಹೊತ್ತು ಹಿಡಿಯುತ್ತದೆಯೇ?

ಮರಳಿ ಕೂರಿಸುವಾಗ ಬ್ಯಾಕಪ್ ಫೈಲನ್ನು ಡಿಸ್ಕಿನಿಂದ ಓದಿ, ಒತ್ತಿ ಕಟ್ಟಿದ್ದರೆ ಬಿಡಿಸಬೇಕು. ಆಮೇಲೆ ಸಾಲುಗಳನ್ನು ಖಾತೆಗೆ ಸೇರಿಸಬೇಕು. ಸಾಲುಗಳೆಲ್ಲ ಬಂದ ಮೇಲೆ ಸೂಚಿಗಳನ್ನು ಕಟ್ಟಬೇಕು. ಕೊನೆಗೆ ತಾಳೆ ನೋಡಬೇಕು: ಸದಸ್ಯ ಸಂಖ್ಯೆ 412ರ ಸಾಲ ಎಂದು ಬರೆದಿದ್ದರೆ, 412 ಎಂಬ ಸದಸ್ಯರು ನಿಜಕ್ಕೂ ಪಟ್ಟಿಯಲ್ಲಿ ಇದ್ದಾರೆಯೇ ಎಂದು. ಇವುಗಳ ಜೊತೆಗೆ ಒಂದು ಕಿರ್ದಿಯೂ ಇದೆ. ಪೋಸ್ಟ್‌ಗ್ರೆಸ್ ಯಾವ ಸಾಲನ್ನೂ ನೇರವಾಗಿ ಖತಾವಣಿಗೆ ನಂಬಿ ಬಿಡುವುದಿಲ್ಲ. ಮೊದಲು ವಾಲ್ ಎಂಬ ತನ್ನ ಕಿರ್ದಿಯಲ್ಲಿ ಬರೆದು, ಅದು ಡಿಸ್ಕಿಗೆ ತಲುಪಿತೆಂದು ಖಾತ್ರಿಯಾದ ಮೇಲೆಯೇ "ಜಮೆ ಆಯಿತು" ಎನ್ನುತ್ತದೆ. ನಮ್ಮ ಹಳೆಯ ಗುಮಾಸ್ತರ ಪದ್ಧತಿಯೇ ಇದು. ನಡುವೆ ಕರೆಂಟು ಹೋದರೂ ಲೆಕ್ಕ ಕೆಡದಿರುವುದು ಈ ಕಿರ್ದಿಯಿಂದ. ರಿಸ್ಟೋರ್ ತೆವಳುವುದೂ ಎಷ್ಟೋ ಸಲ ಇದರಿಂದಲೇ.

ನಿಧಾನವಾಯಿತೆಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಈ ಕೆಲಸಗಳಲ್ಲಿ ಈಗ ನಡೆಯುತ್ತಿರುವುದು ಯಾವುದು ಎಂದು. ಇದನ್ನು ಬಿಟ್ಟು ಎಲ್ಲರೂ ಮೊದಲು ಮಾಡುವುದು ಯಂತ್ರವನ್ನು ಆರಿಸಿ ಮತ್ತೆ ಹಚ್ಚುವುದು. ಅದರಿಂದ ಅಷ್ಟು ಹೊತ್ತಿನ ಕೆಲಸ ನೀರಿನಲ್ಲಿ ಹೋಮ.

ಒಂದು ಸಂಘದಲ್ಲಿ ನಡೆದದ್ದು

ಮಲೆನಾಡಿನ ಒಂದು ಸಂಘ. ಹೆಸರು ಇಲ್ಲಿ ಬೇಡ. 2024ರ ಮೇ ತಿಂಗಳಲ್ಲಿ ಮುಂಗಾರಿಗೆ ಮೊದಲಿನ ಗುಡುಗು ಮಳೆಗೆ ಸಿಡಿಲು ಬಡಿದು ಸರ್ವರಿನ ಡಿಸ್ಕ್ ಸುಟ್ಟಿತು. ಹಿಂದಿನ ರಾತ್ರಿಯ ಬ್ಯಾಕಪ್ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿತ್ತು. ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ಅಂಗಡಿ ವಿಭಾಗದಲ್ಲಿದ್ದ ಹಳೆಯ ಕಂಪ್ಯೂಟರೊಂದನ್ನು ತಂದು, ಪೋಸ್ಟ್‌ಗ್ರೆಸ್ ಹಾಕಿ, ಶುಕ್ರವಾರ ರಾತ್ರಿ 8 ಗಂಟೆಗೆ ರಿಸ್ಟೋರ್ ಶುರುಮಾಡಿ ಮನೆಗೆ ಹೋದರು. ಮರುದಿನ ಟೆಂಡರ್.

ಶನಿವಾರ ಬೆಳಿಗ್ಗೆ 10 ಗಂಟೆಗೆ ಅಲ್ಲಿನ ಕಾರ್ಯದರ್ಶಿಯವರ ಕರೆಗೆ ನಾವು ಹೋದಾಗ ಅಂಗಳದ ತುಂಬ ಜೀಪು, ಪಿಕಪ್ಪು. ಒಳಗೆ ಕೌಂಟರಿನ ಮುಂದೆ ಜನ. "ಎಂತದು ಮಾರಾಯ್ರೆ, ನಮ್ಮ ದುಡ್ಡು ಮಿಷಿನ್ನಿನ ಒಳಗೇ ಸಿಕ್ಕಿಕೊಂಡಿತಾ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದ್ದಕ್ಕೆ ಗುಮಾಸ್ತರಲ್ಲಿ ಉತ್ತರವಿರಲಿಲ್ಲ. 14 ಗಂಟೆಯಿಂದ ರಿಸ್ಟೋರ್ ನಡೆಯುತ್ತಲೇ ಇತ್ತು. ಪರದೆಯ ಮೇಲೆ ಒಂದೊಂದೇ ಸಾಲು ಓಡುತ್ತಿತ್ತು. ಮುಗಿಯುವುದು ಯಾವಾಗ ಎಂದು ಹೇಳುವವರಿಲ್ಲ.

ಮೊದಲು ನೋಡಿದ್ದು ಯಂತ್ರ ಯಾವುದರಲ್ಲಿ ಸೋಲುತ್ತಿದೆ ಎಂಬುದನ್ನು. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಬಹುಮಟ್ಟಿಗೆ ಸುಮ್ಮನೆ ಕೂತಿತ್ತು. ಡಿಸ್ಕ್ ಮಾತ್ರ ನೂರಕ್ಕೆ ನೂರು ಕೆಲಸದಲ್ಲಿತ್ತು. ಆದರೆ ಅದು ಬರೆಯುತ್ತಿದ್ದದ್ದು ಸೆಕೆಂಡಿಗೆ ಒಂದೆರಡು ಮೆಗಾಬೈಟು. ಈ ಲಕ್ಷಣವನ್ನು ಗುರುತಿಟ್ಟುಕೊಳ್ಳಿ. ಡಿಸ್ಕಿಗೆ ಪುರಸೊತ್ತಿಲ್ಲ, ಆದರೂ ಹೊರುತ್ತಿರುವ ಭಾರ ಅತ್ಯಲ್ಪ ಎಂದರೆ ಅದು ಹೊರುವ ಕೆಲಸದಲ್ಲಿ ಸೋತಿಲ್ಲ, ಓಡಾಟದಲ್ಲಿ ಸೋತಿದೆ.

ಪೋಸ್ಟ್‌ಗ್ರೆಸ್‌ನಲ್ಲಿ ಯಾವ ಕೆಲಸ ಯಾವುದಕ್ಕಾಗಿ ಕಾಯುತ್ತಿದೆ ಎಂದು ತೋರಿಸುವ ಒಂದು ಪಟ್ಟಿಯಿದೆ, ಪಿಜಿ-ಸ್ಟಾಟ್-ಆಕ್ಟಿವಿಟಿ ಎಂದು ಅದರ ಹೆಸರು. ಎಷ್ಟು ಸಲ ಕೇಳಿದರೂ ಅದರಲ್ಲಿ "ವಾಲ್ ಸಿಂಕ್" ಎಂದೇ ಬರುತ್ತಿತ್ತು. ಅಂದರೆ ಕಿರ್ದಿ ಡಿಸ್ಕಿಗೆ ತಲುಪಲಿ ಎಂದು ಕಾಯುತ್ತಿದೆ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಸಾಲುಗಳನ್ನು ಎಣಿಸಿದೆವು. ನಿಮಿಷಕ್ಕೆ 7,100ರ ಆಸುಪಾಸು. ಆ ಹಳೆಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುವ ಜಾತಿಯದು. ಹತ್ತಿರಹತ್ತಿರ ಸುತ್ತಿಗೊಂದು ಸಾಲು! ರೋಗ ಸಿಕ್ಕಿತು.

ನಡೆಯುತ್ತಿದ್ದದ್ದು ಇಷ್ಟು. ಬ್ಯಾಕಪ್ ತೆಗೆಯುವಾಗ ಯಾರೋ ಹಿಂದೆಂದೋ "ಇನ್ಸರ್ಟ್" ಎಂಬ ಆಯ್ಕೆ ಹಾಕಿಟ್ಟಿದ್ದರು. ಪಿಜಿ-ಡಂಪ್ ತನ್ನಷ್ಟಕ್ಕೆ ಬಿಟ್ಟರೆ ಇಡೀ ಖಾತೆಯನ್ನು "ಕಾಪಿ" ಎಂಬ ಒಂದೇ ಆಜ್ಞೆಯ ಕೆಳಗೆ ಸುರಿಯುತ್ತದೆ. ಇನ್ಸರ್ಟ್ ಆಯ್ಕೆ ಹಾಕಿದರೆ ಒಂದೊಂದು ಸಾಲಿಗೂ ಒಂದೊಂದು ಆಜ್ಞೆ. ಮರಳಿ ಕೂರಿಸುವಾಗ ಒಂದು ಸಾಲು ಕಿರ್ದಿಗೆ ಬರೆ, ಡಿಸ್ಕಿಗೆ ತಲುಪಿತೇ ಎಂದು ಕಾಯು, ಇನ್ನೊಂದು ಸಾಲು ಬರೆ, ಮತ್ತೆ ಕಾಯು. ಲಾರಿಯಿಂದ ಒಂದು ಮೂಟೆ ಇಳಿಸಿ, ಗೋದಾಮಿಗೆ ಹೊತ್ತು, ಮ್ಯಾನೇಜರರ ಕೊಠಡಿಗೆ ನಡೆದು ರುಜು ಹಾಕಿಸಿಕೊಂಡು ಬಂದ ಮೇಲೆಯೇ ಎರಡನೆಯ ಮೂಟೆಗೆ ಕೈ ಹಾಕುವ ಹಮಾಲಿಯಂತೆ.

ಫೈಲಿನಲ್ಲಿ ಸುಮಾರು ಒಂದು ಕೋಟಿ ಸಾಲು. ಹತ್ತು ವರ್ಷದ ಪಿಗ್ಮಿ ಜಮೆ, ಅಂಗಡಿ ಬಿಲ್ಲಿನ ಒಂದೊಂದು ಬಾಬು ಸೇರಿದರೆ ಸಣ್ಣ ಸಂಘಕ್ಕೂ ಇಷ್ಟಾಗುತ್ತದೆ. ನಿಮಿಷಕ್ಕೆ 7,100ರಂತೆ ಒಂದು ಕೋಟಿಗೆ 23 ಗಂಟೆಗೂ ಹೆಚ್ಚು. 14 ಗಂಟೆಯಲ್ಲಿ 60 ಲಕ್ಷ ಇಳಿದಿತ್ತು. ಇನ್ನು 40 ಲಕ್ಷಕ್ಕೆ 9 ಗಂಟೆ. ಅದಾದ ಮೇಲೆ ಸೂಚಿ ಕಟ್ಟುವುದು ಬೇರೆ. ಮೇ ತಿಂಗಳ ಮೋಡದಲ್ಲಿ ಇನ್ನೂ 9 ಗಂಟೆ ಕರೆಂಟು ನಿಲ್ಲುತ್ತದೆಂಬ ಭರವಸೆ ಯಾರಿಗಿತ್ತು? ಆ ಕಂಪ್ಯೂಟರಿನ ಯುಪಿಎಸ್ ಅರ್ಧ ಗಂಟೆಯೂ ತಾಳುವಂಥದ್ದಲ್ಲ.

ನಿಲ್ಲಿಸಿ ಮೊದಲಿಂದ ಮಾಡುವುದೋ, ನಡೆಯುವುದನ್ನು ನಡೆಯಲು ಬಿಡುವುದೋ ಎಂದು ಸ್ವಲ್ಪ ಚರ್ಚೆಯಾಯಿತು. ಎರಡೂ ಬೇಕಾಗಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ "ಸಿಂಕ್ರನಸ್ ಕಮಿಟ್" ಎಂಬ ಒಂದು ಸಂಯೋಜನೆ ಇದೆ. ಅದನ್ನು ಆಫ್ ಮಾಡಿದರೆ ಕಿರ್ದಿ ಬರೆಯುವುದು ನಿಲ್ಲುವುದಿಲ್ಲ, ಒಂದೊಂದು ಸಾಲಿಗೂ ರುಜುವಿಗಾಗಿ ಕಾಯುವುದು ನಿಲ್ಲುತ್ತದೆ. ಕಿರ್ದಿ ಗುಂಪಾಗಿ ಡಿಸ್ಕಿಗೆ ಹೋಗುತ್ತದೆ. ಇದನ್ನು ಬದಲಾಯಿಸಲು ನಡೆಯುತ್ತಿರುವ ರಿಸ್ಟೋರನ್ನು ನಿಲ್ಲಿಸಬೇಕಾಗಿಲ್ಲ. ಇನ್ನೊಂದು ಕಿಟಕಿಯಲ್ಲಿ ಡೇಟಾಬೇಸಿಗೆ ಪ್ರವೇಶಿಸಿ, ಸಂಯೋಜನೆ ಬದಲಿಸಿ, ಮತ್ತೊಮ್ಮೆ ಓದಿಕೊಳ್ಳುವಂತೆ ರೀಲೋಡ್ ಆಜ್ಞೆ ಕೊಟ್ಟರೆ ಓಡುತ್ತಿರುವ ಕೆಲಸವೂ ಅದನ್ನು ಪಾಲಿಸುತ್ತದೆ. ಕೊಟ್ಟೆವು. ನಿಮಿಷಕ್ಕೆ 7,100 ಇದ್ದದ್ದು ಸೆಕೆಂಡಿಗೆ 4,000ಕ್ಕೆ ಏರಿತು. 9 ಗಂಟೆಯ ಕೆಲಸ ಚಹಾ ಬಂದು ಲೋಟ ಖಾಲಿಯಾಗುವುದರೊಳಗೆ, 17 ನಿಮಿಷದಲ್ಲಿ ಮುಗಿಯಿತು.

ಇಲ್ಲಿ ಒಂದು ಎಚ್ಚರ. ಸಿಂಕ್ರನಸ್ ಕಮಿಟ್ ಆಫ್ ಇದ್ದಾಗ ಕರೆಂಟು ಹೋದರೆ ಕೊನೆಯ ಕೆಲವು ಸಾಲುಗಳು ಕಳೆಯಬಹುದು, ಪುಸ್ತಕ ಕೆಡುವುದಿಲ್ಲ. ರಿಸ್ಟೋರ್ ಮಾಡುವಾಗ ಮೂಲ ಪ್ರತಿ ಕೈಯಲ್ಲೇ ಇರುವುದರಿಂದ ಅದು ನಷ್ಟವಲ್ಲ. ಇದರ ಪಕ್ಕದಲ್ಲೇ "ಎಫ್‌ಸಿಂಕ್" ಎಂಬ ಇನ್ನೊಂದಿದೆ. ಅದನ್ನೂ ಆಫ್ ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ಅದು ಆಫ್ ಇದ್ದು ಕರೆಂಟು ಹೋದರೆ ಪುಸ್ತಕವೇ ಕೆಟ್ಟು ಹೋಗಬಹುದು. ನಮ್ಮ ಕಡೆಯ ಕರೆಂಟನ್ನು ನಂಬಿ ಅದಕ್ಕೆ ಕೈ ಹಾಕುವುದು ಬೇಡವೆಂದೇ ನಮ್ಮ ಅಭಿಪ್ರಾಯ.

ಸೂಚಿ ಕಟ್ಟುವ ಅಂಗಳ

ಅದೇ ರೀಲೋಡಿನಲ್ಲಿ ಇನ್ನೊಂದನ್ನೂ ಬದಲಿಸಿದ್ದೆವು. ಸೂಚಿ ಕಟ್ಟುವುದೆಂದರೆ ಒಂದು ಕೋಟಿ ಸಾಲನ್ನು ಕ್ರಮವಾಗಿ ಜೋಡಿಸುವುದು. ಇದಕ್ಕೆ ಜಾಗ ಬೇಕು. ಕಾಫಿ ಒಣಗಿಸುವ ಅಂಗಳ ಸಣ್ಣದಾದರೆ ಚೆರಿಯನ್ನು ಒಂದೇ ಸಲ ಹರಡಲಾಗದೆ ಸರದಿಯಂತೆ ಹರಡಿ, ಬಳಿದು, ಮತ್ತೆ ಹರಡುತ್ತೇವಲ್ಲ, ಗಣಕಕ್ಕೂ ಹಾಗೆಯೇ. ಜೋಡಿಸಲು ಅದು ಬಳಸುವ ನೆನಪಿನ ಅಂಗಳಕ್ಕೆ "ಮೇಂಟೆನೆನ್ಸ್ ವರ್ಕ್ ಮೆಮ್" ಎಂದು ಹೆಸರು. ಯಾರೂ ಮುಟ್ಟದಿದ್ದರೆ ಅದು 64 ಮೆಗಾಬೈಟು ಮಾತ್ರ. ಅದರಲ್ಲಿ ಹಿಡಿಸದ್ದನ್ನೆಲ್ಲ ತುಂಡುತುಂಡಾಗಿ ಡಿಸ್ಕಿಗೆ ಬರೆದಿಟ್ಟು ಆಮೇಲೆ ಬೆರೆಸುತ್ತದೆ. 8 ಗಿಗಾಬೈಟ್ ನೆನಪು ಇರುವ ಯಂತ್ರದಲ್ಲಿ ರಿಸ್ಟೋರಿನ ಹೊತ್ತಿಗೆ ಒಂದು ಗಿಗಾಬೈಟ್ ಕೊಡಲು ಅಡ್ಡಿಯಿಲ್ಲ. ಆ ದಿನ ಸೂಚಿ ಕಟ್ಟಿ ತಾಳೆ ನೋಡುವುದು 40 ನಿಮಿಷದಲ್ಲಿ ಮುಗಿದು, ಮಧ್ಯಾಹ್ನದ ಊಟಕ್ಕೆ ಮೊದಲೇ ಕೌಂಟರ್ ತೆರೆಯಿತು. ಬ್ಯಾಕಪ್ ಆದ ಮೇಲಿನ ಒಂದು ದಿನದ ವ್ಯವಹಾರವನ್ನು ಕಾಗದದ ರಸೀದಿ ನೋಡಿ ಮತ್ತೆ ಹತ್ತಿಸಬೇಕಾಯಿತು.

ಕಿರ್ದಿಗೆ ಸಂಬಂಧಿಸಿ ಮತ್ತೊಂದು ಮಾತು. ಪೋಸ್ಟ್‌ಗ್ರೆಸ್ ಆಗಾಗ ಕಿರ್ದಿಯಿಂದ ಖತಾವಣಿಗೆ ಎಲ್ಲವನ್ನೂ ಇಳಿಸಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಇದಕ್ಕೆ ಚೆಕ್‌ಪಾಯಿಂಟ್ ಎನ್ನುತ್ತಾರೆ. ಕಿರ್ದಿಯ ಗಾತ್ರದ ಮಿತಿ, "ಮ್ಯಾಕ್ಸ್ ವಾಲ್ ಸೈಜ್", ತಾನಾಗಿ ಒಂದು ಗಿಗಾಬೈಟ್ ಇರುತ್ತದೆ. ರಿಸ್ಟೋರಿನ ರಭಸಕ್ಕೆ ಅದು ಬೇಗಬೇಗ ತುಂಬಿ, ಮತ್ತೆಮತ್ತೆ ಚೆಕ್‌ಪಾಯಿಂಟ್ ಆಗುತ್ತದೆ. ಹೀಗಾಗುತ್ತಿದ್ದರೆ ಚೆಕ್‌ಪಾಯಿಂಟ್‌ಗಳು ತೀರಾ ಹತ್ತಿರಹತ್ತಿರ ಬರುತ್ತಿವೆ ಎಂಬ ದೂರು ಲಾಗ್ ಫೈಲಿನಲ್ಲಿ ಬಿದ್ದಿರುತ್ತದೆ. ಡಿಸ್ಕಿನಲ್ಲಿ ಜಾಗವಿದ್ದರೆ ಆ ಮಿತಿಯನ್ನು ಏರಿಸಿದರಾಯಿತು.

ಒಬ್ಬ ಹಮಾಲಿ, ನಾಲ್ವರು ಹಮಾಲಿ

ಎಲ್ಲ ಕಡೆಯೂ ಇದೇ ರೋಗವೆಂದು ತಿಳಿಯಬಾರದು. ಪ್ರೊಸೆಸರಿನ ನಾಲ್ಕು ಭಾಗಗಳಲ್ಲಿ ಒಂದು ಮಾತ್ರ ಬೆವರು ಸುರಿಸುತ್ತಿದ್ದು ಉಳಿದ ಮೂರು ಬೀಡಿ ಸೇದುತ್ತ ಕೂತಿದ್ದರೆ, ಲಾರಿಗೆ ಒಬ್ಬನೇ ಹಮಾಲಿ ಇದ್ದಾನೆಂದು ಅರ್ಥ. ಪಿಜಿ-ರಿಸ್ಟೋರ್ ಎಂಬ ಸಾಧನಕ್ಕೆ ಜಾಬ್ಸ್ ಎಂಬ ಆಯ್ಕೆ ಕೊಟ್ಟು ನಾಲ್ವರನ್ನು ಹಚ್ಚಬಹುದು. ಇದಕ್ಕೆ ಬ್ಯಾಕಪ್ "ಕಸ್ಟಮ್" ಅಥವಾ "ಡೈರೆಕ್ಟರಿ" ರೂಪದಲ್ಲಿ ಇರಬೇಕು. ಬರೀ ಪಠ್ಯದ ಫೈಲಾಗಿದ್ದರೆ ಒಬ್ಬನೇ ಗತಿ. ಮೇಲೆ ಹೇಳಿದ ಸಂಘದ್ದು ಪಠ್ಯದ ಫೈಲೇ ಆಗಿತ್ತು. ಆದ್ದರಿಂದ ಬ್ಯಾಕಪ್ ತೆಗೆಯುವ ದಿನವೇ ರಿಸ್ಟೋರಿನ ವೇಗ ಅರ್ಧ ನಿಶ್ಚಯವಾಗಿರುತ್ತದೆ.

ನಾಲ್ವರನ್ನು ಹಚ್ಚಿದರೂ ಒಂದು ಖಾತೆಯ ಸಾಲುಗಳನ್ನು ಇಳಿಸುವವನು ಒಬ್ಬನೇ. ಡೇಟಾಬೇಸಿನ ಮುಕ್ಕಾಲು ಪಾಲು ಅಂಗಡಿ ಬಿಲ್ಲಿನ ಒಂದೇ ಖಾತೆಯಲ್ಲಿದ್ದರೆ ಉಳಿದ ಮೂವರು ಸಣ್ಣಪುಟ್ಟದನ್ನು ಮುಗಿಸಿ ಅವನಿಗಾಗಿ ಕಾಯುತ್ತಾರೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಎಂಟು ಜನ ಹಚ್ಚಿದರೆ ಬಾಗಿಲಲ್ಲೇ ನೂಕುನುಗ್ಗಲು, ಇಬ್ಬರೇ ಒಳ್ಳೆಯದು. ಅಲ್ಲದೆ ಅಂಗಳದ ಗಿಗಾಬೈಟು ತಲೆಗೊಂದರಂತೆ ಬೇಕಾಗುತ್ತದೆ, ಲೆಕ್ಕ ಹಾಕಿಕೊಂಡೇ ಕೊಡಬೇಕು.

ವಿಂಡೋಸ್ ಯಂತ್ರವಾದರೆ ವೈರಸ್ ತಡೆಯುವ ತಂತ್ರಾಂಶವನ್ನೂ ನೋಡಿ. ಡೇಟಾಬೇಸ್ ಬರೆಯುವ ಒಂದೊಂದು ಫೈಲನ್ನೂ ಅದು ಮೂಸಿ ನೋಡಿ ಬಿಡುತ್ತಿದ್ದರೆ ಕೆಲಸ ಸಾಗುವುದು ಹೇಗೆ? ಡೇಟಾಬೇಸಿನ ಫೋಲ್ಡರನ್ನು ಅದರ ತಪಾಸಣೆಯಿಂದ ಹೊರಗಿಡಬೇಕು.

ಮೈಎಸ್‌ಕ್ಯುಎಲ್ ಬಳಸುವ ಸಂಘಗಳಲ್ಲಿ ಮೈಎಸ್‌ಕ್ಯುಎಲ್-ಡಂಪಿನ ಪ್ರತಿ ಕೂರಿಸುವಾಗ ಸೂಚಿಗಳು ಮೊದಲೇ ತಯಾರಾಗಿ, ಸಾಲು ಬಂದಂತೆಲ್ಲ ತಿದ್ದಿಕೊಳ್ಳುತ್ತ ಹೋಗುತ್ತವೆ. ಹೀಗಾಗಿ ಶುರುವಿನಲ್ಲಿ ಚುರುಕಾಗಿದ್ದು ಖಾತೆ ದೊಡ್ಡದಾದಂತೆ ಮಂದವಾಗುತ್ತದೆ. ಅದರ "ಬಫರ್ ಪೂಲ್" ತಾನಾಗಿ 128 ಮೆಗಾಬೈಟ್. ಮೊದಲು ಏರಿಸಬೇಕಾದದ್ದು ಅದನ್ನು. ಮೈಎಸ್‌ಕ್ಯುಎಲ್ ಶೆಲ್ ಎಂಬ ಹೊಸ ಸಾಧನದಿಂದ ಬ್ಯಾಕಪ್ ತೆಗೆದರೆ ಹಲವರು ಒಟ್ಟಿಗೆ ಇಳಿಸಬಹುದು, ಸೂಚಿಯನ್ನೂ ಕೊನೆಗೆ ಕಟ್ಟಿಸಬಹುದು. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರಿನಲ್ಲಿ ರಿಸ್ಟೋರ್ ಬಹಳ ಹೊತ್ತು ಸೊನ್ನೆ ಶೇಕಡಾದಲ್ಲೇ ನಿಂತಿದ್ದರೆ, ಅದು ಡಿಸ್ಕಿನಲ್ಲಿ ಅಷ್ಟು ಜಾಗಕ್ಕೂ ಸೊನ್ನೆ ಬರೆಯುತ್ತಿರಬಹುದು. "ಇನ್‌ಸ್ಟಂಟ್ ಫೈಲ್ ಇನಿಷಿಯಲೈಸೇಷನ್" ಎಂಬ ಅನುಮತಿ ಕೊಟ್ಟರೆ ದತ್ತಾಂಶದ ಫೈಲಿಗೆ ಆ ಕೆಲಸ ತಪ್ಪುತ್ತದೆ.

ದಾರಿಯೇ ಕಿರಿದಾದರೆ

ಎಲ್ಲ ಸಂಯೋಜನೆ ಸರಿಯಿದ್ದೂ ನಿಧಾನವಾಗುವುದುಂಟು. ಇದಕ್ಕೆ ಜಗತ್ತೇ ನೋಡಿದ ಒಂದು ಉದಾಹರಣೆಯಿದೆ. ಗಿಟ್‌ಲ್ಯಾಬ್ ಎಂಬುದು ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನು ಇಟ್ಟುಕೊಳ್ಳುವ ಒಂದು ದೊಡ್ಡ ಸಂಸ್ಥೆಯ ಸೇವೆ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರೊಬ್ಬರು ಬದಲಿ ಸರ್ವರಿನದೆಂದು ತಿಳಿದು ಮುಖ್ಯ ಸರ್ವರಿನ ಪೋಸ್ಟ್‌ಗ್ರೆಸ್ ದತ್ತಾಂಶವನ್ನೇ ಅಳಿಸಿಬಿಟ್ಟರು. ನಿಲ್ಲಿಸುವ ಹೊತ್ತಿಗೆ ಸುಮಾರು 300 ಗಿಗಾಬೈಟಿನಲ್ಲಿ ನಾಲ್ಕೂವರೆ ಉಳಿದಿತ್ತು. ದಿನದ ಪಿಜಿ-ಡಂಪ್ ಬ್ಯಾಕಪ್ ಹುಡುಕಿದರೆ ಅದು ಖಾಲಿ. ಡೇಟಾಬೇಸ್ 9.6ನೆಯ ಆವೃತ್ತಿ, ಡಂಪ್ ಸಾಧನ 9.2ನೆಯದು, ಹೊಂದದೆ ಪ್ರತಿ ಸಲವೂ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಮಿಂಚಂಚೆಗಳೂ ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಸುಮಾರು ಆರು ಗಂಟೆ ಮೊದಲು ಬೇರೆ ಉದ್ದೇಶಕ್ಕೆಂದು ಪರೀಕ್ಷಾ ಸರ್ವರಿಗೆ ತೆಗೆದ ಒಂದು ಪ್ರತಿ ಇತ್ತು.

ನಮ್ಮ ವಿಷಯ ಶುರುವಾಗುವುದು ಇಲ್ಲಿಂದ. ಆ ಪರೀಕ್ಷಾ ಸರ್ವರಿಗೆ ಅಗ್ಗದ, ನಿಧಾನದ ಡಿಸ್ಕ್ ಹಾಕಿದ್ದರು. ಅದರ ವೇಗ ಸೆಕೆಂಡಿಗೆ 60 ಮೆಗಾಬಿಟ್‌ನ ಆಸುಪಾಸು, ಅಂದರೆ ಏಳೂವರೆ ಮೆಗಾಬೈಟು. ಎಷ್ಟು ದೊಡ್ಡ ಎಂಜಿನಿಯರುಗಳಿದ್ದರೂ ಆ ಕಿರುದಾರಿಯಲ್ಲೇ ಎಲ್ಲವೂ ಬರಬೇಕು. ನಕಲಿಗೆ ಸುಮಾರು 18 ಗಂಟೆ ಹಿಡಿಯಿತು. ಅವರು ಏನನ್ನೂ ಮುಚ್ಚಿಡದೆ, ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತಲೇ ಮಾಡಿದರು, ಕೊನೆಗೆ ವರದಿಯನ್ನೂ ಪ್ರಕಟಿಸಿದರು. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ನಮ್ಮ ಕಚೇರಿಗಳಲ್ಲೂ ಬದಲಿ ಯಂತ್ರವೆಂದರೆ ಯಾರಿಗೂ ಬೇಡವಾದ ಹಳೆಯದು. ದಾರಿಯ ಅಗಲ ತಿಳಿಯಲು ದೊಡ್ಡ ವಿದ್ಯೆ ಬೇಡ, ಭಾಗಾಕಾರ ಸಾಕು. ಬ್ಯಾಕಪ್ 40 ಗಿಗಾಬೈಟ್ ಇದೆ ಎನ್ನೋಣ. 100 ಮೆಗಾಬಿಟ್ಟಿನ ಹಳೆಯ ನೆಟ್‌ವರ್ಕ್ ತಂತಿಯಲ್ಲಿ ಸೆಕೆಂಡಿಗೆ 11 ಮೆಗಾಬೈಟ್ ಬಂದರೆ ಹೆಚ್ಚು. ಓದಿ ಮುಗಿಸಲು ಒಂದು ಗಂಟೆ. ಹಳೆಯ ಯುಎಸ್‌ಬಿ 2 ತೂತಿಗೆ ಹೊರಗಿನ ಡಿಸ್ಕ್ ಸಿಕ್ಕಿಸಿದರೆ ಸೆಕೆಂಡಿಗೆ 30 ಮೆಗಾಬೈಟಿನಂತೆ 22 ನಿಮಿಷ. ಅದೇ ಡಿಸ್ಕನ್ನು ಪಕ್ಕದ ಯುಎಸ್‌ಬಿ 3 ತೂತಿಗೆ ಹಾಕಿದರೆ ಕೆಲವೇ ನಿಮಿಷ. ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಸುತ್ತಿಗಾಗಿ ಕಾಯುವ ಪ್ರಶ್ನೆಯೇ ಇಲ್ಲ. ಬದಲಿ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸುವ ಖರ್ಚನ್ನು ಆಡಳಿತ ಮಂಡಳಿಯವರು ದುಂದೆಂದು ತಿಳಿಯಬಾರದು.

ಮೊದಲು ಇಳಿಸಬೇಕಾದದ್ದು

ಎಲ್ಲವೂ ಒಂದೇ ಸಲ ಬರಬೇಕೆಂಬ ಹಟವನ್ನೂ ಬಿಡಬಹುದು. ಕೌಂಟರ್ ತೆರೆಯಲು ಬೇಕಾದದ್ದು ಸದಸ್ಯರ ಪಟ್ಟಿ, ಠೇವಣಿ, ಸಾಲ, ಈ ವರ್ಷದ ವಿಕ್ರಿ. 2012ರ ಅಂಗಡಿ ಬಿಲ್ಲು ಸಂಜೆ ಬಂದರೂ ನಷ್ಟವಿಲ್ಲ. ಕಸ್ಟಮ್ ರೂಪದ ಬ್ಯಾಕಪ್ ಆದರೆ ಅದರೊಳಗಿನ ಬಾಬುಗಳ ಪಟ್ಟಿಯನ್ನು ಪಿಜಿ-ರಿಸ್ಟೋರಿನಿಂದಲೇ ಬರೆಸಿಕೊಂಡು, ಆ ಪಟ್ಟಿಯಲ್ಲಿ ಬೇಕಾದ್ದನ್ನು ಮಾತ್ರ ಉಳಿಸಿ, ಅದರಂತೆ ಇಳಿಸಲು ಹೇಳಬಹುದು. ಖಾತೆಯ ಹೆಸರು ಕೊಟ್ಟು ಇಳಿಸುವ ಇನ್ನೊಂದು ಆಯ್ಕೆಯಿದೆ; ಅದರಲ್ಲಿ ಆ ಖಾತೆಯ ಸೂಚಿ ಬರುವುದಿಲ್ಲ, ಆದ್ದರಿಂದ ಪಟ್ಟಿಯ ದಾರಿಯೇ ಒಳ್ಳೆಯದು. ಯಾವುದು ಯಾವುದರ ಮೇಲೆ ಅವಲಂಬಿಸಿದೆ ಎಂಬುದನ್ನು ತಂತ್ರಾಂಶ ಬರೆದವರಿಂದ ಮೊದಲೇ ತಿಳಿದು ಪಟ್ಟಿ ಮಾಡಿಟ್ಟಿರಬೇಕು, ಟೆಂಡರ್ ದಿನ ಬೆಳಿಗ್ಗೆ ಅಲ್ಲ.

ಸದಸ್ಯರ ಪಹಣಿ, ಆಧಾರ್, ಫೋಟೋಗಳ ಸ್ಕ್ಯಾನ್ ಪ್ರತಿಗಳನ್ನು ಡೇಟಾಬೇಸಿನ ಒಳಗೇ ತುಂಬಿಸುವ ತಂತ್ರಾಂಶಗಳಿವೆ. ಲೆಕ್ಕ ಎರಡು ಗಿಗಾಬೈಟ್, ಚಿತ್ರ ನಲವತ್ತು. ಚಿತ್ರಗಳನ್ನು ಹೊರಗೆ ಬೇರೆ ಫೋಲ್ಡರಿನಲ್ಲಿ ಇಟ್ಟು ಅವುಗಳಿಗೆ ಬೇರೆಯೇ ಬ್ಯಾಕಪ್ ಮಾಡಿಸಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ದೊಡ್ಡ ವ್ಯವಹಾರದ ಸಂಘಗಳು ಪಿಜಿ-ಬೇಸ್‌ಬ್ಯಾಕಪ್ ಎಂಬ ಇನ್ನೊಂದು ಪದ್ಧತಿಯನ್ನೂ ನೋಡಬಹುದು. ಇದು ಪುಸ್ತಕವನ್ನು ಸೂಚಿಸಹಿತ ಇದ್ದಂತೆಯೇ ನಕಲು ಮಾಡುತ್ತದೆ. ಮರಳಿ ಕೂರಿಸುವಾಗ ಕಟ್ಟುವ ಕೆಲಸವಿಲ್ಲ. ಜೊತೆಗೆ ಕಿರ್ದಿಯ 16 ಮೆಗಾಬೈಟಿನ ತುಂಡುಗಳನ್ನು ಆಗಿಂದಾಗ್ಗೆ ಬೇರೆ ಕಡೆ ಕಳಿಸುತ್ತಿದ್ದರೆ ಸಿಡಿಲು ಬಡಿದ ಗಳಿಗೆಗೆ ಹತ್ತಿರದವರೆಗಿನ ಲೆಕ್ಕ ಸಿಗುತ್ತದೆ, ರಸೀದಿ ನೋಡಿ ಹತ್ತಿಸುವುದು ಬಹಳ ಕಡಿಮೆಯಾಗುತ್ತದೆ. ಆದರೆ ಕಿರ್ದಿಯನ್ನು ಮತ್ತೆ ಹತ್ತಿಸುವವನು ಒಬ್ಬನೇ. ತಿಂಗಳಿಗೊಮ್ಮೆ ನಕಲು ತೆಗೆದು ಮೂವತ್ತು ದಿನದ ಕಿರ್ದಿ ಹತ್ತಿಸಲು ಕೂತರೆ ಮತ್ತೆ ಅದೇ ಕಾಯುವಿಕೆ. ನಕಲು ವಾರಕ್ಕೊಮ್ಮೆಯಾದರೂ, ಆದರೆ ದಿನವೂ ಇರಲಿ. 2024ರಲ್ಲಿ ಬಂದ 17ನೆಯ ಆವೃತ್ತಿಯಿಂದ ಹಿಂದಿನ ನಕಲಿನ ಮೇಲೆ ಬದಲಾದ ಭಾಗವನ್ನಷ್ಟೇ ತೆಗೆಯುವ ಅನುಕೂಲವೂ ಇದೆ. ಈ ಪದ್ಧತಿಗೆ ಎರಡೂ ಕಡೆ ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿ ಒಂದೇ ಇರಬೇಕು.

ಗಡಿಯಾರ ನೋಡಿ ಒಮ್ಮೆ

ಯಾವ ಸಂಘವಾದರೂ ಮಾಡಬಹುದಾದದ್ದು, ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಬದಲಿ ಯಂತ್ರದಲ್ಲಿ ನಿಜವಾದ ಬ್ಯಾಕಪ್ಪನ್ನು ಕೂರಿಸಿ, ಗಡಿಯಾರ ನೋಡಿ ಹೊತ್ತು ಬರೆದಿಡುವುದು. ಬರೀ ಒಟ್ಟು ಹೊತ್ತಲ್ಲ. ಸಾಲು ಇಳಿಯಲು ಎಷ್ಟು, ಸೂಚಿಗೆ ಎಷ್ಟು, ತಾಳೆಗೆ ಎಷ್ಟು ಎಂದು ಬೇರೆಬೇರೆ. ಪಿಜಿ-ರಿಸ್ಟೋರಿಗೆ ವರ್ಬೋಸ್ ಆಯ್ಕೆ ಕೊಟ್ಟರೆ ಪ್ರತಿ ಹೆಜ್ಜೆಯನ್ನೂ ಪರದೆಯ ಮೇಲೆ ಹೇಳುತ್ತ ಹೋಗುತ್ತದೆ. 12ನೆಯ ಆವೃತ್ತಿಯಿಂದೀಚೆಗೆ ಸೂಚಿ ಎಷ್ಟು ಕಟ್ಟಿಯಾಯಿತೆಂದೂ, 14ನೆಯದರಿಂದ ಸಾಲು ಎಷ್ಟು ಇಳಿಯಿತೆಂದೂ ಕೇಳಿ ತಿಳಿಯಬಹುದು. ಆ ಕಾಗದವನ್ನು ಸರ್ವರಿನ ಮೇಲೆಯೇ ಅಂಟಿಸಿ. ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಡಿವಿಡೆಂಡ್ ಕೇಳುವ ಹಾಗೆ ಈ ಕಾಗದವನ್ನೂ ಕೇಳಬಹುದು. ಕಾರ್ಯದರ್ಶಿಗಳು ಬೇಸರಿಸಬಾರದು.

ಕೂರಿಸಿದ ಮೇಲೆ ಉಳಿಯುವ ಒಂದೆರಡು ಕೆಲಸಗಳನ್ನು ಹೇಳಿ ನಿಲ್ಲಿಸುತ್ತೇವೆ. ಎಲ್ಲ ಮುಗಿದೊಡನೆ "ಅನಲೈಸ್" ಆಜ್ಞೆ ಕೊಡಬೇಕು. ಯಾವ ಖಾತೆಯಲ್ಲಿ ಎಷ್ಟು ಸಾಲಿದೆ ಎಂಬ ಅಂದಾಜು ಹೊಸ ಪುಸ್ತಕಕ್ಕೆ ಇನ್ನೂ ಇರುವುದಿಲ್ಲ; ಅಂದಾಜಿಲ್ಲದೆ ಅದು ತಪ್ಪು ದಾರಿ ಹಿಡಿದು ಹುಡುಕುತ್ತದೆ, ಒಂದು ಖಾತೆ ಉತಾರೆ ತೆಗೆಯಲು ನಿಮಿಷಗಟ್ಟಲೆ ಹಿಡಿಯುತ್ತದೆ. ಪೋಸ್ಟ್‌ಗ್ರೆಸ್ ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೂ ಇದನ್ನು ಮಾಡಿಕೊಳ್ಳುತ್ತದೆ, ಆದರೆ ಜನ ಸರದಿಯಲ್ಲಿ ನಿಂತಿರುವಾಗ ಅದಕ್ಕಾಗಿ ಕಾಯುವುದೇಕೆ? ಹಾಗೆಯೇ ಸಿಂಕ್ರನಸ್ ಕಮಿಟ್ ಅನ್ನು ಮರೆಯದೆ ಆನ್ ಮಾಡಿ, ಮೇಂಟೆನೆನ್ಸ್ ವರ್ಕ್ ಮೆಮನ್ನು ಮೊದಲಿನಷ್ಟಕ್ಕೆ ಇಳಿಸಿ, ಮತ್ತೊಮ್ಮೆ ರೀಲೋಡ್ ಮಾಡಬೇಕು. ಮೇಲೆ ಹೇಳಿದ ಸಂಘದಲ್ಲಿ ಕೌಂಟರ್ ತೆರೆಯುವ ಮೊದಲು ಇದನ್ನು ಮಾಡಿ, ಆ ರಾತ್ರಿಯ ಬ್ಯಾಕಪ್ಪನ್ನು ಕಸ್ಟಮ್ ರೂಪದಲ್ಲಿ, ಇನ್ಸರ್ಟ್ ಆಯ್ಕೆ ತೆಗೆದುಹಾಕಿ ತೆಗೆಯಲು ಗುಮಾಸ್ತರಿಗೆ ಬರೆದುಕೊಟ್ಟು ಬಂದೆವು.